ಕೆಳಗಿಳಿದ ಗೆರೆ

"ಇನ್ನೊಂದು ಬಕೆಟ್ ನೀರು ತನ್ನಿ," ಎಂದಳು ಇನ್‌ಸ್ಪೆಕ್ಟರಮ್ಮ, ಗೋಡೆಯಿಂದ ಕಣ್ಣು ಕೀಳದೆ.

ದಫೇದಾರ ಕೈಯಲ್ಲಿದ್ದ ಖಾಲಿ ಬಕೆಟ್ಟನ್ನೂ ಹೊಳೆಯವರೆಗೆ ಇಳಿದಿದ್ದ ಮೆಟ್ಟಿಲುಗಳನ್ನೂ ನೋಡಿ ಉಸ್ಸೆಂದ. ಅವನ ಹೊಟ್ಟೆ ಅವನಿಗಿಂತ ಅರ್ಧ ಹೆಜ್ಜೆ ಮುಂದೆ ನಡೆಯುವಂಥದ್ದು.

"ಇದು ಐದನೇ ಸಲ ಮೇಡಂ. ಪೊಲೀಸ್ ಕೆಲಸಕ್ಕೆ ಸೇರಿ ಗೋಡೆಗೆ ಸ್ನಾನ ಮಾಡಿಸ್ತಿದೀನಿ ಅಂತ ನನ್ನ ಹೆಂಡತಿಗೆ ಗೊತ್ತಾದ್ರೆ ನಾಳೆಯಿಂದ ಮನೇಲೂ ಇದೇ ಡ್ಯೂಟಿ."

"ನಾನಂತೂ ಹೇಳಲ್ಲ. ಹೋಗ್ಬನ್ನಿ."

ಬೆಳಗಿನ ಹತ್ತು ಗಂಟೆಯ ಬಿಸಿಲು ಹಳೇ ದೋಣಿ ಕಚೇರಿಯ ಜಗಲಿಯ ಮೇಲೆ ಉದ್ದಕ್ಕೆ ಬಿದ್ದಿತ್ತು. ಸೇತುವೆಯಾಗಿ ದೋಣಿ ನಿಂತ ಮೇಲೆ ಆ ಕಚೇರಿಗೆ ಉಳಿದಿದ್ದ ಕೆಲಸ ಒಂದೇ, ಹೊಳೆಯ ಕಡೆಯ ಗೋಡೆಯಲ್ಲಿ ಒಂದು ಕಪ್ಪು ಕಲ್ಲನ್ನು ಹೊತ್ತು ನಿಲ್ಲುವುದು. ಒಂದೂವರೆ ಅಡಿ ಎತ್ತರದ ಕಲ್ಲು. ಅದರ ಮೇಲೆ ಎರಡು ಸಾಲು ಅಕ್ಷರ: "ದೊಡ್ಡ ನೆರೆಯಲ್ಲಿ ನೀರು ಇಲ್ಲಿಯವರೆಗೆ ಬಂದಿತ್ತು." ಅಕ್ಷರಗಳ ಕೆಳಗೆ, ಕಲ್ಲಿನ ಈ ಅಂಚಿನಿಂದ ಆ ಅಂಚಿಗೆ ಒಂದು ಗೆರೆ. ಜಗಲಿಯ ಮೇಲೆ ನಿಂತರೆ ಗೆರೆ ಅವಳ ಸೊಂಟಕ್ಕೆ ಬರುತ್ತಿತ್ತು.

ಮೂವತ್ತೆರಡು ವರ್ಷದ ಹಿಂದಿನ ಆ ನೆರೆಗೆ ಊರಲ್ಲಿ ಉಳಿದ ಸಾಕ್ಷಿ ಇದೊಂದೇ. ಶಾಲೆಯ ಗೋಡೆಯಲ್ಲಿದ್ದ ಗುರುತು ಹಳೇ ಶಾಲೆಯ ಜೊತೆಗೇ ನೆಲಸಮವಾಗಿತ್ತು. ನೀರಿನ ಮಟ್ಟ ಬರೆದಿಡುತ್ತಿದ್ದ ದಪ್ಪ ಪುಸ್ತಕ ಆ ನೆರೆಯಲ್ಲೇ ತೇಲಿಹೋಗಿತ್ತು. ಮುದುಕರನ್ನು ಕೇಳಿದರೆ ಒಬ್ಬ ಮೊಣಕಾಲು ತೋರಿಸುತ್ತಿದ್ದ, ಇನ್ನೊಬ್ಬ ಮಾಡಿನ ಹೆಂಚು ತೋರಿಸುತ್ತಿದ್ದ.

ಈ ಕಲ್ಲಿನ ಗೆರೆಯನ್ನೇ ನಂಬಿ ಊರಿನ ಮಗ್ಗುಲಿಗೆ ಮೂರು ಕಿಲೋಮೀಟರ್ ತಡೆಗೋಡೆ ಏಳುತ್ತಿತ್ತು. ಮೂರು ದಿನದ ಹಿಂದೆ ಠಾಣೆಗೆ ಬಂದ, ಸಹಿಯಿಲ್ಲದ ಕಾರ್ಡೊಂದು ಮಾತ್ರ ಬೇರೆ ಮಾತಾಡಿತ್ತು: "ದೋಣಿ ಕಚೇರಿಯ ಕಲ್ಲು ಇದ್ದ ಜಾಗದಲ್ಲಿಲ್ಲ. ಗೋಡೆಯ ತಲೆ ಕಟ್ಟುವ ಮುಂಚೆ ನೋಡಿ."

ಎಲ್ಲರೂ ನಕ್ಕಿದ್ದರು. ಇನ್‌ಸ್ಪೆಕ್ಟರಮ್ಮ ನಕ್ಕಿರಲಿಲ್ಲ.

ಐದನೇ ಬಕೆಟ್ಟು ಬಂತು. ಅವಳು ಬಟ್ಟೆ ಅದ್ದಿ, ಕಲ್ಲಿನ ಮೇಲ್ಭಾಗದ ಗೋಡೆಯನ್ನು ಕೈ ಎಟುಕುವವರೆಗೂ ನಿಧಾನವಾಗಿ ಒರೆಸಿದಳು. ವರ್ಷವರ್ಷವೂ ಬಳಿದ ಸುಣ್ಣ, ಒಣಗಿದಾಗ ಎಲ್ಲವನ್ನೂ ಮುಚ್ಚಿಡುತ್ತದೆ. ನೀರು ಕುಡಿಸಿದರೆ ಮಾತ್ರ ಅದರ ಬಾಯಿ ಬಿಡಿಸಬಹುದು.

"ನೋಡಿ ದಫೇದಾರ್ರೇ. ಏನು ಕಾಣತ್ತೆ?"

"ಗೋಡೆ."

"ಗೋಡೇಲಿ?"

ದಫೇದಾರ ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿದ. "ಪಟ್ಟೆ ಪಟ್ಟೆ ಇದೆ ಮೇಡಂ. ಏಣಿ ಮೆಟ್ಟಿಲು ಇದ್ದಂಗೆ."

ಏಣಿಯೇ. ಕಲ್ಲಿನ ನೆತ್ತಿಯಿಂದ ಮೇಲಕ್ಕೆ ಒಂದರ ಮೇಲೊಂದು ಐದು ಪಟ್ಟೆ. ಪ್ರತಿಯೊಂದೂ ಕಲ್ಲಿನಷ್ಟೇ ಅಗಲ, ನಾಲ್ಕು ಬೆರಳು ಎತ್ತರ. ಸುತ್ತಲಿನ ಗೋಡೆ ಒದ್ದೆಯಾಗಿ ಕಂದು ಬಣ್ಣಕ್ಕೆ ತಿರುಗಿದರೂ ಪಟ್ಟೆಗಳು ತೆಳ್ಳಗೆ ಬೇರೆಯೇ ಬಣ್ಣದಲ್ಲಿ ನಿಂತಿದ್ದವು. ಕೆಳಗಿನ ಪಟ್ಟೆ ಹೊಸತು, ಮೇಲಮೇಲಕ್ಕೆ ಹೋದಂತೆ ಹಳತು.

ಕಲ್ಲು ಒಂದೇ ಏಟಿಗೆ ಇಳಿದದ್ದಲ್ಲ. ಯಾರೋ ಅದನ್ನು ಮಲಗಿದ ಮಗುವನ್ನು ಸರಿಸುವ ಹಾಗೆ, ನಾಲ್ಕು ಬೆರಳಿನಂತೆ ಐದು ಸಲ ಕೆಳಗೆ ಸರಿಸಿದ್ದರು.

ಕಳ್ಳನಿಗೆ ಇಷ್ಟು ತಾಳ್ಮೆ ಇರುತ್ತದೆಯೇ ಎಂದು ಅವಳು ತನ್ನನ್ನೇ ಕೇಳಿಕೊಂಡಳು.

*

ತಡೆಗೋಡೆಯ ಎಂಜಿನಿಯರ್ ಕೆಲಸದ ಜಾಗದಿಂದ ನಡೆದೇ ಬಂದ. ಐವತ್ತು ದಾಟಿದ ಸಣಕಲ ಮನುಷ್ಯ, ಎರಡು ವರ್ಷದಿಂದ ಆ ಗೋಡೆಯ ಜೊತೆಗೇ ಎದ್ದು ಮಲಗುತ್ತಿದ್ದವನು. ಪಟ್ಟೆಗಳ ಮುಂದೆ ನಿಂತು ಟೇಪು ಹಿಡಿದ. ಎರಡು ಸಲ ಅಳೆದ.

"ಒಂದೂಕಾಲು ಅಡಿ," ಎಂದ. "ನಾವು ಗೆರೆಯ ಮೇಲೆ ಒಂದೂವರೆ ಅಡಿ ಅಂತ ಲೆಕ್ಕ ಹಾಕಿ ಗೋಡೆ ಕಟ್ತಿರೋದು. ಅಂದ್ರೆ ಆವತ್ತಿನಷ್ಟೇ ನೀರು ಬಂದ್ರೆ ಗೋಡೆ ತಲೆಗೆ ಮೂರೇ ಇಂಚು ಬಾಕಿ. ಗಾಳಿಗೆ ಒಂದು ಅಲೆ ಎದ್ರೆ ಒಳಗೆ."

"ಸರಿ ಮಾಡೋಕಾಗಲ್ವಾ?"

"ಆಗತ್ತೆ, ದೇವರು ದೊಡ್ಡವನು." ಅವನು ಜಗಲಿಯ ಅಂಚಿಗೆ ಕುಳಿತ. "ಪಾಯ ಪೂರ್ತಿ ಮುಗಿದಿದೆ. ಗೋಡೆ ಎರಡು ಕಿಲೋಮೀಟರ್ ಆರುನೂರು ಮೀಟರ್ ಎದ್ದಿದೆ. ಅದರ ನೆತ್ತಿಗೆ ಹಾಕೋ ತಲೆಪಟ್ಟಿ ಕಾಂಕ್ರೀಟು ಸೋಮವಾರದಿಂದ. ಈ ಪಾಯದ ಮೇಲೆ ಇನ್ನೂ ಎರಡಡಿ ಏರಿಸಿದ್ರೂ ತಡೆಯತ್ತೆ. ಅದರ ಮೇಲೆ ಒಂದಿಂಚು ಕೇಳಿದ್ರೂ ಪಾಯ ಅಗಲ ಮಾಡ್ಬೇಕು. ಪಾಯ ಅಗಲ ಮಾಡಿದ್ರೆ ಹೊಳೆಸಾಲು ಹೋಗತ್ತೆ."

ಹೊಳೆಸಾಲೆಂದರೆ ಗೋಡೆಯ ಬುಡಕ್ಕೆ ಅಂಟಿಕೊಂಡಿದ್ದ ನಲವತ್ತು ಮನೆಗಳ ಸಾಲು. ಅಡುಗೆಮನೆಯ ಕಿಟಕಿಯಿಂದ ಕೈ ಚಾಚಿದರೆ ಗೋಡೆಯ ಕಬ್ಬಿಣದ ಸರಳು ಸಿಗುವಷ್ಟು ಹತ್ತಿರ.

"ಮೊದಲು ಅವರನ್ನೆಲ್ಲ ಎಬ್ಬಿಸ್ಬೇಕಾಗತ್ತೆ ಅಂತಲೇ ನಾವು ಅಂದ್ಕೊಂಡಿದ್ವಿ," ಎಂದ ಎಂಜಿನಿಯರ್. "ಈ ಕಲ್ಲು ಅಳೆದ ಮೇಲೆ ಗೋಡೆ ಅಷ್ಟು ಎತ್ತರ ಬೇಕಾಗ್ಲಿಲ್ಲ. ಕೂದಲೆಳೆಯಲ್ಲಿ ಉಳ್ಕೊಂಡ್ರು."

"ನಮ್ಮನೇನೂ ಅದೇ ಸಾಲಲ್ಲಿ," ಎಂದ ದಫೇದಾರ. "ಅನುಮಾನದ ಪಟ್ಟೀಲಿ ನನ್ನ ಹೆಸರನ್ನೂ ಬರ್ಕೊಳ್ಳಿ ಮೇಡಂ. ಆದ್ರೆ ಆ ಕಲ್ಲು ಎತ್ತೋಕೆ ಬಗ್ಗಿದ್ರೆ ನನ್ನ ಎತ್ತೋಕೆ ನಾಲ್ಕು ಜನ ಬೇಕು."

ಎಂಜಿನಿಯರ್ ನಗಲಿಲ್ಲ. "ನನಗೆ ಬೇಕಾಗಿರೋದು ಒಂದೇ. ಯಾರು ಇಳಿಸಿದ್ರು, ಎಷ್ಟು ಇಳಿಸಿದ್ರು ಅಂತ ಬರವಣಿಗೇಲಿ ಬೇಕು. ಗೋಡೆ ಮೇಲಿನ ಪಟ್ಟೆ ತೋರಿಸಿ ಎತ್ತರ ಬದಲಾಯಿಸ್ತೀನಿ ಅಂದ್ರೆ ಮೇಲಿನವರು ಒಪ್ಪಲ್ಲ. ಯಾರ ಮಾತಿನ ಮೇಲೆ ಅಂತ ಕೇಳ್ತಾರೆ. ಮಳೆಗೆ ಇನ್ನು ಆರೇ ವಾರ."

"ಇವತ್ತು ಗುರುವಾರ," ಎಂದಳು ಅವಳು.

"ಅದಕ್ಕೇ ಹೇಳಿದ್ದು."

ಅವನು ಹೋದ ಮೇಲೆ ದಫೇದಾರ ಬೆರಳು ಮಡಚತೊಡಗಿದ. "ಲಾಡ್ಜ್ ಸಾಹುಕಾರ. ರೂಮಿಂದ ಹೊಳೆ ಕಾಣಲ್ಲ, ಗೋಡೆ ತಗ್ಗಿಸಿ ಅಂತ ಮೂರು ಅರ್ಜಿ ಹಾಕಿದಾನೆ."

"ಅವನು ಊರಿಗೆ ಬಂದಿದ್ದೇ ಹೋದ ವರ್ಷ. ಮೇಲಿನ ಪಟ್ಟೆ ಮೇಲೆ ಹತ್ತು ವರ್ಷದ ಸುಣ್ಣ ಇದೆ."

"ಹಂಗಾದ್ರೆ ಹೊಳೆಸಾಲಿನ ನಲವತ್ತು ಮನೆ."

"ಹತ್ತು ವರ್ಷದ ಹಿಂದೆ ಗೋಡೆಯ ಸುದ್ದಿಯೇ ಇರಲಿಲ್ಲ. ಇಲ್ಲದ ಗೋಡೆಗೆ ಹೆದರಿ ಯಾರು ಕಲ್ಲು ಇಳಿಸ್ತಾರೆ?"

ದಫೇದಾರ ಮಡಚಿದ್ದ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದ. ಕೈಯಲ್ಲಿ ಯಾರೂ ಉಳಿಯಲಿಲ್ಲ.

*

ಮಧ್ಯಾಹ್ನ ಅವಳು ಊಟಕ್ಕೆ ಮನೆಗೆ ಹೋದಳು. ಮುಂದಿನ ಕೋಣೆ ಅವಳ ಅತ್ತೆಯ ರಾಜ್ಯ. ಹೊಲಿಗೆ ಮೆಷಿನ್ನು, ಅದರ ಸುತ್ತ ಶಾಲೆಯ ನೀಲಿ ಸಮವಸ್ತ್ರದ ಗುಡ್ಡ, ನೆಲದ ತುಂಬ ದಾರದ ತುಣುಕು. ಅತ್ತೆಗೆ ಎಪ್ಪತ್ತು. ನಲವತ್ತೈದು ವರ್ಷದಿಂದ ಊರಿನ ಎದೆ, ಸೊಂಟ, ತೋಳುಗಳ ಅಳತೆ ಬಾಯಿಪಾಠವಿದ್ದ ಹೆಂಗಸು.

"ಕೈ ತೊಳೆದು ಕೂತ್ಕೋ. ಸುಣ್ಣದ ಗೋಡೆ ಅಪ್ಕೊಂಡು ಬಂದೋಳ ಹಂಗಿದೀಯ."

"ಅಪ್ಕೊಂಡೇ ಬಂದೆ ಅತ್ತೆ."

ತಟ್ಟೆಯ ಪಕ್ಕ ಅವಳು ಆ ಕಾರ್ಡನ್ನು ಇಟ್ಟುಕೊಂಡು ಕುಳಿತಳು. ಮೂರು ದಿನದಿಂದ ಅದನ್ನು ನೋಡಿ ನೋಡಿ ಅಕ್ಷರಗಳು ಕಣ್ಣಲ್ಲೇ ಅಚ್ಚಾಗಿದ್ದವು. ಅತ್ತೆ ಮೆಷಿನ್ನು ಬಿಟ್ಟು ಎದ್ದು ಬಂದು, ಸೊಸೆಗೆ ಬಡಿಸಿ, ನಿಂತಲ್ಲಿಂದಲೇ ಕಾರ್ಡಿನ ಮೇಲೆ ಕಣ್ಣು ಹಾಯಿಸಿದಳು.

"ಯಾರು ಕಳಿಸಿದ್ದು ಇದು?"

"ಅದೇ ಗೊತ್ತಾಗ್ತಿಲ್ಲ. ಕೈಬರಹ ಯಾರಿಗೂ ಹೊಂದಲ್ಲ."

"ಬರಹ ಎಲ್ಲಿ ಬಂತು? ಇದು ಬರೆದಿದ್ದಲ್ಲ ಕಣೇ, ಕೂರಿಸಿದ್ದು."

ಅವಳ ತುತ್ತು ಬಾಯಿಯ ಹತ್ತಿರವೇ ನಿಂತಿತು.

ಅತ್ತೆ ಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. "ನಾನು ಮಕ್ಕಳ ಜೇಬಿನ ಮೇಲೆ ಹೆಸರು ಕಸೂತಿ ಹಾಕಲ್ವಾ? ಮೊದಲು ಸೀಮೆಸುಣ್ಣದಲ್ಲಿ ಮೇಲೊಂದು ಕೆಳಗೊಂದು ಗೆರೆ ಎಳ್ಕೋತೀನಿ. ಇಲ್ದಿದ್ರೆ ಅಕ್ಷರ ಜೋತು ಬೀಳತ್ತೆ. ಇಲ್ನೋಡು, ಇವನೂ ಪೆನ್ಸಿಲಲ್ಲಿ ಎರಡು ಗೆರೆ ಎಳೆದು ಆಮೇಲೆ ಉಜ್ಜಿದಾನೆ. ಸಾಲಿನ ಕೊನೇ ಅಕ್ಷರ ನೋಡು, ಅಂಚಿಗೆ ಎಷ್ಟು ಸರಿಯಾಗಿ ಬಂದು ನಿಂತಿದೆ. ಮೊದಲೇ ಎಣಿಸಿ ಕೂರಿಸಿದಾನೆ. ಕಾಗದದ ಮೇಲೆ ಬರೆಯೋನಿಗೆ ತಪ್ಪಾದ್ರೆ ಹೊಡೆದು ಹಾಕಬಹುದು. ಇವನು ಒಂದು ತಪ್ಪೂ ಆಗಬಾರದು ಅನ್ನೋ ಕೆಲಸದಲ್ಲಿ ಬೆಳೆದೋನು."

"ಬೋರ್ಡ್ ಬರೆಯೋನಾ?"

"ಅವನು ಬಾಲ ಎಳೀತಾನೆ. ಕುಂಚಕ್ಕೆ ಬಾಲದ ಚಟ. ಇಲ್ಲಿ ಬಾಲಾನೇ ಇಲ್ಲ, ಎಲ್ಲಾ ಕತ್ತರಿಸಿ ಬಿಟ್ಟಂಗಿದೆ."

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರ ಬಾಯಲ್ಲೂ ಒಂದೇ ಹೆಸರು ಬಂತು.

"ಉಳಿಯಜ್ಜ!"

ಊರಿನ ಸಮಾಧಿ ಕಲ್ಲು, ಶಂಕುಸ್ಥಾಪನೆಯ ಕಲ್ಲು, ಮೈಲಿಗಲ್ಲು ಎಲ್ಲದರ ಮೇಲೂ ಅವನದೇ ಅಕ್ಷರ. ದೋಣಿ ಕಚೇರಿಯ ಕಲ್ಲನ್ನು ಕೂರಿಸಿದವನೂ ಅವನೇ ಎಂಬುದು ಊರಿಗೆಲ್ಲ ಗೊತ್ತು.

"ನನ್ನನ್ನ ಪೊಲೀಸಿಗೆ ಹಾಕಿದ್ದಿದ್ರೆ ಈ ಹೊತ್ತಿಗೆ ಎಲ್ಲಿರ್ತಿದ್ದೆನೋ," ಎಂದು ಅತ್ತೆ ಮತ್ತೆ ಮೆಷಿನ್ನಿನ ಹತ್ತಿರ ಕುಳಿತಳು.

"ಕಳ್ಳರೆಲ್ಲ ಕದಿಯೋ ಮುಂಚೆ ನಿಮಗೆ ಅಳತೆ ಕೊಟ್ಟು ಹೋಗ್ಬೇಕಿತ್ತು."

"ಊಟ ಮುಗಿಸಿ ಹೋಗು. ಕಲ್ಲು ಎಲ್ಲೂ ಓಡಿ ಹೋಗಲ್ಲ."

*

ಉಳಿಯಜ್ಜನ ಕಲ್ಲಂಗಳ ಹೊಳೆಸಾಲಿನ ಮೂರನೇ ಮನೆಯ ಹಿತ್ತಲಲ್ಲಿತ್ತು. ಹಿತ್ತಲ ಬೇಲಿಯಾಚೆಗೇ ತಡೆಗೋಡೆ. ಅದರ ಬೂದು ಮೈ ಅಂಗಳದ ಮೇಲೆ ಅರ್ಧಕ್ಕೆ ನೆರಳು ಹಾಸಿತ್ತು.

ನೆರಳಿನಲ್ಲಿ ಅಜ್ಜ ಕುಳಿತು ಉಳಿ ಮಸೆಯುತ್ತಿದ್ದ. ಬಿಸಿಲಿನಲ್ಲಿ ಅವನ ಮಗಳು ಮೆಷಿನ್ನಿನಿಂದ ಕಲ್ಲು ಕೊಯ್ಯುತ್ತಿದ್ದಳು. ಮೂಗಿಗೆ ಬಟ್ಟೆ, ಕೈಗೆ ಮೊಣಕೈವರೆಗೆ ಕಲ್ಲಿನ ಹುಡಿ. ಅಪ್ಪನ ಕೆಲಸವನ್ನು ಗಂಡುಮಕ್ಕಳು ಬೇಡವೆಂದಾಗ ಇವಳು ಹಿಡಿದಿದ್ದಳು. ಈಗ ಗೋಡೆಗೆ ಬೇಕಾದ ಮೆಟ್ಟಿಲ ಕಲ್ಲುಗಳೆಲ್ಲ ಇಲ್ಲಿಂದಲೇ ಹೋಗುತ್ತಿದ್ದವು.

ಪೊಲೀಸರನ್ನು ಕಂಡು ಅವಳು ಮೆಷಿನ್ ನಿಲ್ಲಿಸಿದಳು. "ಬನ್ನಿ ಮೇಡಂ. ಅಪ್ಪನ ಹತ್ರಾನಾ? ಸ್ವಲ್ಪ ಗಟ್ಟಿಯಾಗಿ ಮಾತಾಡಿ. ಸುತ್ತಿಗೆ ಸದ್ದಿಗೆ ಕಿವಿ ಮಂದ ಆಗಿದೆ."

ಇನ್‌ಸ್ಪೆಕ್ಟರಮ್ಮ ಅಜ್ಜನ ಎದುರಿನ ಕಲ್ಲಿನ ಮೇಲೆ ಕುಳಿತು, ಕಾರ್ಡನ್ನು ಅವನ ಮುಂದಿಟ್ಟಳು.

ಅಜ್ಜ ನೋಡಿದ. ಉಳಿಯನ್ನು ಇನ್ನೆರಡು ಸಲ ಮಸೆದ. ಹೆಬ್ಬೆರಳಿನಿಂದ ಮೊನೆ ಪರೀಕ್ಷಿಸಿ ಪಕ್ಕಕ್ಕಿಟ್ಟ.

"ಮೂರು ದಿನ ತಗೊಂಡ್ರಾ ತಾಯಿ?"

"ನಮ್ಮತ್ತೆಗೆ ಮೊದಲೇ ತೋರಿಸಿದ್ರೆ ಮೂರು ನಿಮಿಷ ಆಗ್ತಿತ್ತು."

ಅಜ್ಜನ ಮುಖದಲ್ಲಿ ನಗು ಬಂದು ಹೋಯಿತು. "ದರ್ಜಿ ಅಕ್ಕ ಬಿಡ್ತಾಳಾ ಮತ್ತೆ!"

"ಬರೆದಿದ್ದು ನೀವು. ಇಳಿಸಿದ್ದು ಯಾರು ಅಜ್ಜಾ?"

"ಅದೂ ನಾನೇ."

ಮೆಷಿನ್ನಿನ ಹತ್ತಿರ ಮಗಳು ಸರ್ರನೆ ತಿರುಗಿದಳು. "ಅಪ್ಪಾ, ಏನು ಹೇಳ್ತಿದೀಯ ನೀನು?"

"ನೀನು ಸುಮ್ನಿರು ಮಗಳೇ. ಇದು ನಿನಗೆ ಗೊತ್ತಿಲ್ದೇ ಇರೋದು."

"ಯಾರು ಮಾಡಿಸಿದ್ದು?" ಎಂದಳು ಇನ್‌ಸ್ಪೆಕ್ಟರಮ್ಮ.

"ಯಾರು ಮಾಡಿಸ್ತಾರೆ? ನನ್ನ ಹೆಂಡತಿಗೋಸ್ಕರ ಮಾಡಿದ್ದು."

ಅವನು ಹೇಳತೊಡಗಿದ. ಹೇಳುವಾಗ ಅವಸರವಿರಲಿಲ್ಲ, ಕಣ್ಣೀರೂ ಇರಲಿಲ್ಲ.

ನೆರೆ ಬಂದ ವರ್ಷ ಅವನ ಹೆಂಡತಿ ಈ ಮಗಳನ್ನು ಹೆಗಲ ಮೇಲೆ ಹೊತ್ತು ಎರಡು ರಾತ್ರಿ ಒಂದು ಹಗಲು ಮಾಡಿನ ಮೇಲೆ ಕುಳಿತಿದ್ದಳು. ಇಬ್ಬರೂ ಉಳಿದರು. ಆದರೆ ನೀರು ಇಳಿದ ಮೇಲೂ ಅವಳ ತಲೆಯೊಳಗಿನ ನೀರು ಇಳಿಯಲಿಲ್ಲ. ಮಳೆಗಾಲ ಬಂತೆಂದರೆ ದಿನಕ್ಕೊಮ್ಮೆ ದೋಣಿ ಕಚೇರಿಗೆ ಹೋಗಿ ಕಲ್ಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಕೈ ಎತ್ತಿ ತಡವುತ್ತಿದ್ದಳು. ಗೆರೆ ಅವಳ ತಲೆಯ ಮೇಲೆ ನಾಲ್ಕು ಬೆರಳು.

"ಮನೆಗೆ ಬಂದು ನನ್ನ ನೋಡಿ ಹೇಳೋಳು, 'ನನಗಿಂತ ಎತ್ತರ ಇದೆ ಕಣ್ರೀ ಅದು' ಅಂತ. ಆಮೇಲೆ ಬೆಳಗಾಗೋವರೆಗೆ ಮಂಚದ ಮೇಲೆ ಕೂತಿರೋಳು. ವಯಸ್ಸಾಗ್ತಾ ಜಾಸ್ತಿ ಆಯ್ತು. ಡಾಕ್ಟ್ರು ಮಾತ್ರೆ ಕೊಟ್ರು. ಮಾತ್ರೆಗೆ ಹೊಳೆ ಹೆದರತ್ತಾ?"

"ಅದಕ್ಕೆ ಕಲ್ಲು ಇಳಿಸಿದ್ರಿ."

"ಒಂದೇ ಸಲ ಇಳಿಸಿದ್ರೆ ಅವಳಿಗೆ ಗೊತ್ತಾಗ್ತಿತ್ತು. ಕಚೇರಿಗೆ ಸುಣ್ಣ ಹೊಡೆಯೋ ಗುತ್ತಿಗೆ ನನ್ನ ತಮ್ಮಂದು. ಮಳೆಗಾಲದ ಮುಂಚೆ ವರ್ಷಕ್ಕೊಂದು ಸಲ ಸುಣ್ಣ. ಅದರ ಹಿಂದಿನ ದಿನ ನಾನು ಹೋಗಿ ನಾಲ್ಕು ಬೆರಳು ಇಳಿಸಿ ಬರ್ತಿದ್ದೆ. ಹಗಲು ಹೊತ್ತೇ. ಕಲ್ಲುಕುಟಿಗ ಕಲ್ಲಿನ ಹತ್ರ ಕೂತಿದ್ರೆ ಯಾರೇನು ಕೇಳ್ತಾರೆ?"

ದಫೇದಾರ ಬರೆಯುವುದನ್ನು ನಿಲ್ಲಿಸಿ ಮೂಗು ಉಜ್ಜಿಕೊಂಡ.

"ಮೊದಲನೇ ವರ್ಷ ಅವಳು ಏನೂ ಹೇಳ್ಲಿಲ್ಲ. ಎರಡನೇ ವರ್ಷ ಬಂದು 'ನಾನು ಸುಮ್ನೆ ಹೆದರ್ಕೊಂಡಿದ್ದೆ ಅನ್ಸತ್ತೆ, ನನ್ನಷ್ಟೇ ಇದೆ' ಅಂದ್ಲು. ಐದನೇ ವರ್ಷ ಗೆರೆ ಅವಳ ಎದೆ ಮಟ್ಟಕ್ಕೆ ಬಂತು. ಆವತ್ತು ರಾತ್ರಿ ಹೊರಗೆ ಧೋ ಅಂತ ಮಳೆ. ಅವಳು ಗೊರಕೆ ಹೊಡೀತಿದ್ಲು ತಾಯಿ. ನಾನು ಎದ್ದು ಕೂತು ಗೊರಕೆ ಕೇಳಿದೆ. ಅಲ್ಲಿಗೆ ನಿಲ್ಲಿಸಿದೆ."

ಗೋಡೆಯ ಮೇಲೆ ಎಲ್ಲೋ ಕೆಲಸದವರು ಹಲಗೆ ಬಡಿಯುವ ಸದ್ದು ಬರುತ್ತಿತ್ತು.

"ಅವರು ತೀರ್ಕೊಂಡಿದ್ದು?"

"ನಾಲ್ಕು ವರ್ಷ ಆಯ್ತು. ಅವಳು ಹೋದ ಮೇಲೆ ನಾನು ಆ ಜಗಲಿ ಹತ್ತಿಲ್ಲ. ಕಾಲು ಹೋಗಲಿಲ್ಲ. ಈ ಗೋಡೆ ಬಂತು ಅಂದಾಗ ಸರ್ಕಾರದ ಹತ್ರ ಬೇರೆ ಲೆಕ್ಕ ಇರತ್ತೆ ಅಂದ್ಕೊಂಡೆ. ಕಲ್ಲೊಂದನ್ನೇ ನಂಬ್ಕೊಂಡು ಕಟ್ತಿದಾರೆ ಅಂತ ಗೊತ್ತಾಗಿದ್ದು ಹೋದ ವಾರ, ಮೇಸ್ತ್ರಿ ಬಾಯಿಂದ. ಆವತ್ತಿಂದ ನನಗೆ ಊಟ ಸೇರ್ತಿಲ್ಲ." ಅಜ್ಜ ತಲೆಯೆತ್ತಿ ಗೋಡೆ ನೋಡಿದ. "ಒಬ್ಬಳಿಗೆ ನಿದ್ದೆ ಬರಲಿ ಅಂತ ಮಾಡಿದ್ದು. ಊರಿಗೆ ಊರೇ ಮಲಗಿಬಿಟ್ರೆ ಏನು ಗತಿ?"

"ಹೆಸರು ಹಾಕಿ ಬರೀಬಹುದಿತ್ತು."

"ಧೈರ್ಯ ಬರಲಿಲ್ಲ ತಾಯಿ. ಕಲ್ಲಿನ ಮೇಲೆ ಎಷ್ಟೋ ಜನರ ಹೆಸರು ಬರೆದಿದೀನಿ. ನನ್ನ ಹೆಸರು ಬರಿಯೋಕೆ ಕೈ ಏಳ್ಲಿಲ್ಲ."

ಇನ್‌ಸ್ಪೆಕ್ಟರಮ್ಮನಿಗೆ ಅವನ ಮಾತಿನ ಮೇಲೆ ಅನುಮಾನ ಬರಲಿಲ್ಲ. ಐದು ಪಟ್ಟೆ, ಐದು ವರ್ಷ, ಇಪ್ಪತ್ತು ಬೆರಳು. ಗೋಡೆಯೂ ಮನುಷ್ಯನೂ ಒಂದೇ ಲೆಕ್ಕ ಹೇಳುತ್ತಿದ್ದರು. ಎಂಜಿನಿಯರಿಗೆ ಬೇಕಾದ ಸಾಕ್ಷಿ ಸಿಕ್ಕಿತ್ತು. ಎದ್ದು ಹೊರಡಬಹುದಿತ್ತು.

ಆದರೂ ಕಣ್ಣಿಗೆ ಬಿದ್ದ ಕಸದ ಹಾಗೆ ಏನೋ ಒಂದು ಒತ್ತುತ್ತಿತ್ತು.

"ಅಜ್ಜಾ, ಅಜ್ಜಿ ಎಷ್ಟು ಎತ್ತರ ಇದ್ರು?"

"ಹೆಚ್ಚು ಕಮ್ಮಿ ನಿಮ್ಮಷ್ಟೇ. ಯಾಕೆ?"

"ಗೆರೆ ಅವರ ಎದೆಗೆ ಬರ್ತಿತ್ತು ಅಂದ್ರಿ."

"ಹೂಂ, ಎದೆಗೆ. ನನ್ನ ಕಣ್ಣಾರೆ ನೋಡಿದೀನಲ್ಲ."

ಬೆಳಿಗ್ಗೆ ಅವಳು ಅದೇ ಜಗಲಿಯ ಮೇಲೆ, ಅದೇ ಕಲ್ಲಿನ ಮುಂದೆ ನಿಂತಿದ್ದಳು. ಗೆರೆ ಅವಳ ಸೊಂಟಕ್ಕೆ ಬಂದಿತ್ತು.

"ನೀವು ನಮ್ಮ ಜೊತೆ ಒಂದು ಸಲ ಅಲ್ಲಿಗೆ ಬರಬೇಕು," ಎಂದು ಅವಳು ಎದ್ದಳು.

"ಈಗಲೇನಾ?" ಮಗಳು ಬಟ್ಟೆಯಿಂದ ಕೈ ಒರೆಸುತ್ತ ಅಡ್ಡ ಬಂದಳು. "ಅಪ್ಪನಿಗೆ ಮಂಡಿ ನೋವು ಮೇಡಂ. ಎಲ್ಲಾ ಒಪ್ಕೊಂಡಾಯ್ತಲ್ಲ, ಇಲ್ಲೇ ಹೆಬ್ಬೆಟ್ಟು ಒತ್ತಿಸ್ಕೊಳ್ಳಿ. ಅಲ್ಲಿಗೆ ಹೋಗಿ ಏನಾಗ್ಬೇಕು?"

"ಹೆಬ್ಬೆಟ್ಟು ಯಾಕೆ? ನಾನು ಸಹಿ ಹಾಕ್ತೀನಿ," ಎಂದ ಅಜ್ಜ, ಗೋಡೆ ಹಿಡಿದು ಏಳುತ್ತ. "ಹೋಗ್ಬರ್ತೀನಿ ಬಿಡು. ಹೆದರಿಕೆ ಇದ್ದಿದ್ದು ಹೇಳೋವರೆಗೆ."

ಅವರು ಬಾಗಿಲು ದಾಟುವವರೆಗೂ ಮೆಷಿನ್ ಶುರುವಾಗಲಿಲ್ಲ.

*

ಫೋನು ಹೋದೊಡನೆ ಎಂಜಿನಿಯರ್ ಬಂದು ಜಗಲಿಯಲ್ಲಿ ಕಾಯುತ್ತಿದ್ದ. ಬರೆದುಕೊಳ್ಳಲು ಹಲಗೆ, ಕಾಗದ ಎಲ್ಲ ತಂದಿದ್ದ. ಅಜ್ಜನ ಸಂಗತಿ ಕೇಳಿ ಅವನ ಹೆಗಲು ಅರ್ಧ ಇಂಚು ಕೆಳಗಿಳಿಯಿತು.

"ಇಪ್ಪತ್ತು ಬೆರಳು ಅಂದ್ರೆ ಒಂದೂಕಾಲು ಅಡಿ. ಸರಿಯಾಗಿ ಹೊಂದ್ತು ಮೇಡಂ. ಇವತ್ತೇ ಮೇಲಕ್ಕೆ ಕಳಿಸ್ತೀನಿ. ಕಾಂಕ್ರೀಟಿಗೆ ಒಂದು ಹಲಗೆ ಜಾಸ್ತಿ ಕಟ್ಟಿದ್ರೆ ಆಯ್ತು, ಸೋಮವಾರಕ್ಕೇ ಕೆಲಸ ಶುರು."

ಬೆಳಿಗ್ಗೆ ಒದ್ದೆ ಮಾಡಿದ್ದ ಗೋಡೆ ಒಣಗಿ ಮತ್ತೆ ಬೆಳ್ಳಗಾಗಿತ್ತು. ಅಜ್ಜ ಮೆಟ್ಟಿಲು ಹತ್ತಿ ಬಂದವನು ಸ್ವಲ್ಪ ಹೊತ್ತು ಹೊಳೆಯ ಕಡೆಗೆ ಮುಖ ಮಾಡಿ ನಿಂತ. ನಾಲ್ಕು ವರ್ಷದ ಮೇಲೆ ಬಂದಿದ್ದ. ಯಾರೂ ಅವನನ್ನು ಅವಸರಪಡಿಸಲಿಲ್ಲ.

ಆಮೇಲೆ ತಿರುಗಿ ಗೋಡೆಯ ಹತ್ತಿರ ಹೋದ. ಕಣ್ಣೀರಿಗೆ ಕಣ್ಣು ಮಂಜಾಗಿದ್ದರಿಂದ ಕೈಯಿಂದಲೇ ನೋಡಿದ. ಸುಣ್ಣದ ಮೇಲೆ ಅಂಗೈ ಇಟ್ಟು ತಡವುತ್ತ ಮೇಲಿಂದ ಕೆಳಗೆ ಬಂದ. "ಇದು ಮೊದಲನೇ ಸಲದ್ದು. ಇದು ಎರಡನೇದು. ಇದು ಮೂರು." ಅವನ ಅಂಗೈ ಬೆಳಗಿನ ಪಟ್ಟೆಗಳ ಮೇಲೆಯೇ ಒಂದೊಂದಾಗಿ ಇಳಿಯಿತು. ದಫೇದಾರ ಬರೆದುಕೊಂಡ.

ಐದು ಮುಗಿದು ಕೈ ಕಲ್ಲಿಗೆ ಬಂತು. ಕಲ್ಲಿನ ನೆತ್ತಿಯ ಮೇಲೆ ಬೆರಳುಗಳು ಅತ್ತಿತ್ತ ಹುಡುಕಾಡಿದವು.

"ಗೆರೆ ಎಲ್ಲಿ?" ಎಂದ ಅಜ್ಜ.

"ಕೆಳಗಿದೆಯಲ್ಲ ಅಜ್ಜಾ," ಎಂದ ದಫೇದಾರ. "ಅಕ್ಷರದ ಕೆಳಗೆ."

"ಕೆಳಗ್ಯಾಕಿರತ್ತೆ? ಗೆರೆ ಇರೋದು ಅಕ್ಷರದ ಮೇಲೆ, ಕಲ್ಲಿನ ನೆತ್ತಿಗೇ. ನೀರು ಇಷ್ಟು ಬಂದಿತ್ತು ಅನ್ನೋ ಮಾತು ನೀರಿನ ಒಳಗಿರಲಿ ಅಂತ ನಾನು ಬೇಕಂತಲೇ ಹಾಗೆ ಮಾಡಿದ್ದು." ಅವನ ಕೈ ಕಲ್ಲಿನ ಅಂಚಿಗೆ ಓಡಿತು. "ಇದು ಸಿಮೆಂಟು. ನಾನು ಸುಣ್ಣದಲ್ಲಿ ಕೂರಿಸ್ತಿದ್ದೆ." ಅವನು ಹಿಂದೆ ಸರಿದ. "ತಾಯಿ, ಇದು ನನ್ನ ಕಲ್ಲಲ್ಲ."

ಎಂಜಿನಿಯರ್ ಎದ್ದು ನಿಂತ. ಅವನ ಕೈಯಲ್ಲಿದ್ದ ಟೇಪು ತಾನಾಗಿ ಕಲ್ಲಿನ ನೆತ್ತಿಯ ಅಂಚಿನಿಂದ ಕೆಳಗಿನ ಗೆರೆಗೆ ಹೋಯಿತು.

"ಇನ್ನೊಂದೂಕಾಲು ಅಡಿ," ಎಂದ, ಯಾರಿಗೂ ಅಲ್ಲದ ಹಾಗೆ. "ಒಟ್ಟು ಎರಡೂವರೆ."

ಪಾಯ ತಡೆಯುವುದು ಎರಡು. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಗೋಡೆ ಈಗಿರುವ ಲೆಕ್ಕದಲ್ಲೇ ನಿಂತರೆ ಮುಂದಿನ ದೊಡ್ಡ ನೆರೆ ಅದರ ತಲೆಯ ಮೇಲೆ ಒಂದಡಿ ಹರಿಯುತ್ತದೆ. ಸರಿಯಾಗಿ ಕಟ್ಟಬೇಕೆಂದರೆ ನಲವತ್ತು ಮನೆ ಏಳಬೇಕು.

"ಅಜ್ಜಾ," ಎಂದಳು ಇನ್‌ಸ್ಪೆಕ್ಟರಮ್ಮ ಅವನ ಕಿವಿಯ ಹತ್ತಿರ ಬಾಗಿ, "ಈ ಅಕ್ಷರ ಯಾರದ್ದು ಅಂತ ಗೊತ್ತಾಗತ್ತಾ?"

ಅಜ್ಜ ಮತ್ತೆ ಕಲ್ಲಿನ ಹತ್ತಿರ ಹೋದ. ಬೆರಳ ತುದಿ ಒಂದೊಂದೇ ಅಕ್ಷರದೊಳಗೆ ಇಳಿದು ಎದ್ದು ಮುಂದೆ ಸಾಗಿತು. 'ದೊಡ್ಡ' ಮುಗಿಯಿತು. 'ನೆರೆಯಲ್ಲಿ' ಎಂಬಲ್ಲಿ ಲಕಾರದ ಒತ್ತಿನ ಹತ್ತಿರ ಬೆರಳು ನಿಂತಿತು. ಆ ಒತ್ತಿನ ಕೊನೆ ಒಂದಿಷ್ಟು ಒಳಕ್ಕೆ ಸುರುಳಿ ಸುತ್ತಿತ್ತು. ಬೆರಳು ಆ ಸುರುಳಿಯನ್ನು ಒಮ್ಮೆ ಸುತ್ತಿತು. ಇನ್ನೊಮ್ಮೆ ಸುತ್ತಿತು.

ಆಮೇಲೆ ಕಾದ ಹೆಂಚು ಮುಟ್ಟಿದವನ ಹಾಗೆ ಅಜ್ಜ ಕೈ ತೆಗೆದ.

"ನಂದೇ," ಎಂದ.

"ಏನಂದ್ರಿ?"

"ನಂದೇ ಅಕ್ಷರ. ಮರೆತಿದ್ದೆ. ವಯಸ್ಸಾಯ್ತು ನೋಡಿ." ಅವನ ದನಿ ಈಗ ಗಟ್ಟಿಯಾಗಿತ್ತು, ಬೇಕಾದದ್ದಕ್ಕಿಂತ ಗಟ್ಟಿ. "ಈ ಕಲ್ಲೂ ನಾನೇ ಕೆತ್ತಿದ್ದು. ನಾನೇ ಕೂರಿಸಿದ್ದು. ಬರ್ಕೊಳ್ಳಿ ದಫೇದಾರ್ರೇ, ಎಲ್ಲಾ ನಾನೇ ಮಾಡಿದ್ದು ಅಂತ. ಎಲ್ಲಿ ಸಹಿ ಹಾಕ್ಬೇಕು ತೋರ್ಸಿ."

ದಫೇದಾರನ ಪೆನ್ನು ಕಾಗದ ಮುಟ್ಟಲಿಲ್ಲ. ಅವನು ಇನ್‌ಸ್ಪೆಕ್ಟರಮ್ಮನ ಮುಖ ನೋಡಿದ. ಅವಳು ಬೇಡವೆಂದು ತಲೆಯಾಡಿಸಿದಳು. ಹಿತ್ತಲಲ್ಲಿ ಅಷ್ಟು ಹೊತ್ತು ಒಂದು ಸುಳ್ಳನ್ನೂ ಆಡದ ಮುದುಕ ಈಗ ಮೊದಲ ಸುಳ್ಳು ಆಡುತ್ತಿದ್ದ. ಅವನಿಗೆ ಅದು ಒಗ್ಗುತ್ತಲೂ ಇರಲಿಲ್ಲ.

"ಹಾಗಾದ್ರೆ ನಿಮ್ಮ ಹಳೇ ಕಲ್ಲು ಎಲ್ಲಿದೆ ಅಜ್ಜಾ?"

ಅಜ್ಜನ ಬೆರಳು ಮತ್ತೆ ಸಿಮೆಂಟಿನ ಅಂಚಿಗೆ ಹೋಯಿತು.

"ಅಪ್ಪನ್ನ ಕೇಳ್ಬೇಡಿ ಮೇಡಂ. ಅಪ್ಪನಿಗೆ ಏನೂ ಗೊತ್ತಿಲ್ಲ."

ಎಲ್ಲರೂ ತಿರುಗಿದರು. ಮೆಟ್ಟಿಲ ಮಧ್ಯದಲ್ಲಿ ಮಗಳು ನಿಂತಿದ್ದಳು. ಮೂಗಿನ ಬಟ್ಟೆ ಕೊರಳಿಗೆ ಇಳಿದಿತ್ತು. ಮನೆಯಿಂದ ಓಡಿಯೇ ಬಂದಿರಬೇಕು, ಉಸಿರು ಮೇಲಕ್ಕೂ ಕೆಳಕ್ಕೂ ಹೊಯ್ದಾಡುತ್ತಿತ್ತು.

"ಕೆತ್ತಿದ್ದು ನಾನು," ಎಂದಳು. "ಎರಡೂವರೆ ವರ್ಷ ಆಯ್ತು, ತಡೆಗೋಡೆಗೆ ಅಳತೆ ಮಾಡೋರು ಬರೋ ಹಿಂದಿನ ವಾರ."

"ಮಗಳೇ, ಬಾಯಿ ಮುಚ್ಚು!" ಎಂದ ಅಜ್ಜ.

"ಇಲ್ಲಪ್ಪಾ. ನೀನು ಅಮ್ಮನಿಗೋಸ್ಕರ ಮಾಡಿದ್ದನ್ನ ಹೇಳ್ಕೊಂಡೆ. ನಾನು ಮಾಡಿದ್ದನ್ನ ನೀನು ಹೊರೋದು ಬೇಡ." ಅವಳು ಇನ್ನೆರಡು ಮೆಟ್ಟಿಲು ಹತ್ತಿದಳು. ಕಣ್ಣು ಇನ್‌ಸ್ಪೆಕ್ಟರಮ್ಮನ ಮೇಲಿತ್ತು. "ಗೆರೆ ಕೆಳಗೆ ಹಾಕು, ಹೊಳೆಸಾಲು ಉಳಿಯತ್ತೆ ಅಂತ ನಮ್ಮನೆಗೆ ಬಂದು ಹೇಳಿದೋರು ಒಬ್ರಿದಾರೆ. ಹಳೇ ಕಲ್ಲನ್ನ ಹೊತ್ಕೊಂಡು ಹೋದೋರೂ ಅವರೇ. ಅದು ಈಗ ಎಲ್ಲಿದೆ ಅಂತ ನನ್ನ ಕೇಳ್ಬೇಡಿ. ಅವರನ್ನೇ ಕೇಳಿ, ಇಲ್ಲೇ ನಿಂತಿದಾರಲ್ಲ."

ಅಜ್ಜನನ್ನೂ ತನ್ನನ್ನೂ ಬಿಟ್ಟರೆ ಜಗಲಿಯ ಮೇಲಿದ್ದವರು ಇಬ್ಬರು. ಇನ್‌ಸ್ಪೆಕ್ಟರಮ್ಮ ಎಂಜಿನಿಯರನ್ನು ನೋಡಿದಳು. ದಫೇದಾರನನ್ನು ನೋಡಿದಳು.

ಇಬ್ಬರೂ ಹೊಳೆಯ ಕಡೆಗೆ ನೋಡುತ್ತಿದ್ದರು.